ಮಾಡಿಗೆ ಹಿಸ್ಸೆಯಿಲ್ಲ

ಎಂಜಿನಿಯರು: ಮಾಸ್ತರೇ, ಹಳೇ ಮನೆಗಳನ್ನು ಉಳಿಸಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ಮೊದಲು ಏಳುವ ಪ್ರಶ್ನೆ, ಅವುಗಳಲ್ಲಿ ಉಳಿಸುವಂಥದ್ದು ಏನಿದೆ ಅಂತ. ಮೂಡಭಟ್ಕಳದ ಖೇತಪೈ ನಾರಾಯಣ ಗುಡಿ ಇದೆ, ಭಟ್ಕಳದಲ್ಲೇ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ ಇದೆ, ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿ ಇದೆ. ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ, ಇರಬೇಕಾದ್ದೇ. ಅಲ್ಲಿ ಶಿಲ್ಪ ಇದೆ, ರಾಜಮನೆತನಗಳ ಕಥೆ ಇದೆ, ಕಟ್ಟಿಸಿದವರ ಹೆಸರು ಗುಡಿಯ ಹೆಸರಿನಲ್ಲೇ ಉಳಿದಿದೆ. ಕುಮಟೆಯ ತೋಟದ ಅಂಚಿನಲ್ಲೋ ಶರಾವತಿಯ ದಂಡೆಯಲ್ಲೋ ನಿಂತಿರುವ ಒಂದು ಹಂಚಿನ ಮನೆಗೆ ಇದ್ಯಾವುದೂ ಇಲ್ಲ. ಅಲ್ಲಿ ಇದ್ದವರು ಅಡಿಕೆ ಸುಲಿದರು, ಭತ್ತ ಕುಟ್ಟಿದರು, ಮಕ್ಕಳನ್ನು ಹೆತ್ತರು. ಎಲ್ಲ ಕಡೆ ನಡೆಯುವುದು ಅಲ್ಲೂ ನಡೆಯಿತು. ಅದಕ್ಕೆ ಪರಂಪರೆ ಎಂಬ ದೊಡ್ಡ ಹೆಸರು ಕೊಟ್ಟರೆ ಆ ಹೆಸರಿನ ತೂಕವೇ ಕಮ್ಮಿಯಾಗುವುದಿಲ್ಲವೇ?

ಮಾಸ್ತರು: ನೀನು ಹೇಳಿದ ಗುಡಿಯಿಂದಲೇ ಶುರುಮಾಡೋಣ ತಮ್ಮಾ. ಖೇತಪೈ ನಾರಾಯಣ ಗುಡಿಯ ಮುಂದೆ ನಿಂತವರು ಸಾಮಾನ್ಯವಾಗಿ ಗೋಡೆಯ ಶಿಲ್ಪಗಳನ್ನು ನೋಡುತ್ತಾರೆ. ಒಂದು ಗಳಿಗೆ ಅದನ್ನು ಬಿಟ್ಟು ಮೇಲೆ ನೋಡು. ಮಾಡು ಇಳಿಜಾರು. ದೊಡ್ಡ ದೊಡ್ಡ ಕಲ್ಲಿನ ಹಾಸುಗಳನ್ನು ಓರೆಯಾಗಿ ಒರಗಿಸಿ, ಸೂರು ಗೋಡೆಯಿಂದ ಆಚೆ ಚಾಚುವಂತೆ ಇಟ್ಟಿದ್ದಾರೆ. ಸುತ್ತಲಿನ ಕಲ್ಲಿನ ತಡಿಕೆಯಲ್ಲಿ ಸಾಲಾಗಿ ಕೂರಿಸಿದ ಪಟ್ಟಿಗಳು ಮರದ ಪಟ್ಟಿಗಳ ಹಾಗೇ ಕಾಣುತ್ತವೆ. ಈಗ ಎಂಜಿನಿಯರಾಗಿ ನೀನೇ ಹೇಳು, ಕಲ್ಲಿನಲ್ಲಿ ಕಟ್ಟುವವನಿಗೆ ಇಂಥ ರೂಪ ತಾನಾಗಿ ಹೊಳೆಯುತ್ತದೆಯೇ? ಕಲ್ಲನ್ನು ಪಟ್ಟಿ ಪಟ್ಟಿಯಾಗಿ ಸೀಳಿ ಜೋಡಿಸುವುದು ಶ್ರಮದ ಕೆಲಸ, ಕಲ್ಲಿಗೆ ಅದರ ಅಗತ್ಯವೂ ಇಲ್ಲ. ಮರಕ್ಕೆ ಅದು ಸಹಜ. ಈ ಸೀಮೆಯ ಆಚಾರಿಗಳು ಎಷ್ಟೋ ತಲೆಮಾರು ಮರ, ಹುಲ್ಲು, ಸೋಗೆಗಳಲ್ಲಿ ಮಾಡಿ ಪಳಗಿದ್ದ ಮಾಡನ್ನು ಕಲ್ಲುಕುಟಿಗರು ಕಲ್ಲಿಗೆ ಇಳಿಸಿದರು. ಮಾದರಿ ಮನೆಯದು, ಪ್ರತಿ ಗುಡಿಯದು. ಜೇಮ್ಸ್ ಫರ್ಗುಸನ್ 19ನೇ ಶತಮಾನದಲ್ಲಿ ಮೂಡುಬಿದಿರೆಯ ಬಸದಿಗಳ ಬಗ್ಗೆ ಬರೆಯುವಾಗ ಅವುಗಳ ಮಾಡನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದ. ಅಷ್ಟು ದೂರ ಹೋಗುವ ಅಗತ್ಯವಿರಲಿಲ್ಲ, ಬಸದಿಯ ಹಿಂದಿನ ಕೇರಿಗೆ ಹೋಗಿದ್ದರೆ ಸಾಕಿತ್ತು. ಮಳೆಯೇ ಕಮ್ಮಿ ಇರುವ ಐಹೊಳೆಯಲ್ಲೂ ಲಾಡ್ ಖಾನ್ ಗುಡಿಯ ಓರೆ ಮಾಡಿನ ಮೇಲೆ ಹಾಸುಗಲ್ಲುಗಳ ಸಂದು ಮುಚ್ಚಲು ಮರದ ತುಂಡಿನಂಥ ಉದ್ದ ಕಲ್ಲುಗಳನ್ನು ಮಲಗಿಸಿದ್ದಾರೆ. ಅಂದರೆ ನಮ್ಮ ನಾಡಿನಲ್ಲಿ ಮನೆಯ ಮಾಡು ದೇವರ ಮಾಡಿಗೆ ಪಾಠ ಹೇಳಿದ್ದು ಬಹಳ ಹಳೆಯ ಸಂಗತಿ. ಪ್ರತಿಯನ್ನು ಕಾನೂನು ಕಾಪಾಡುತ್ತಿದೆ, ಮೂಲವನ್ನು ಜೆಸಿಬಿಗೆ ಬಿಟ್ಟಿದೆ. ನನ್ನ ವಾದ ಇಲ್ಲಿಂದ ಹೊರಡುತ್ತದೆ.

ಎಂಜಿನಿಯರು: ಮೂಲ ಅಂದಿರಿ, ಅಲ್ಲೇ ತೊಡಕು ಇರುವುದು. 16ನೇ ಶತಮಾನದ ಗುಡಿಗೆ ಮಾದರಿಯಾದ ಮನೆ ಈಗ ಎಲ್ಲಿದೆ? ಒರಲೆ ತಿಂದು, ಬೆಂಕಿ ಬಿದ್ದು, ಮಳೆಗೆ ಕೊಳೆತು ಯಾವತ್ತೋ ಹೋಯಿತು. ಈಗ ನಾವು ಹಳೇ ಮನೆ ಅನ್ನುವವೆಲ್ಲ ಹೆಚ್ಚೆಂದರೆ ನೂರು, ನೂರೈವತ್ತು ವರ್ಷದವು. ಅವುಗಳ ತಲೆಯ ಮೇಲಿರುವ ಮಂಗಳೂರು ಹಂಚಂತೂ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದದ್ದು. ಯಂತ್ರದಲ್ಲಿ ಒತ್ತಿ ತೆಗೆದ ಹಂಚು, ಮಿಷನರಿಗಳ ತಂತ್ರ. ಅದನ್ನೇ ನಮ್ಮ ಪರಂಪರೆ ಎಂದು ತಬ್ಬಿಕೊಳ್ಳುವುದಾದರೆ ಇನ್ನು ನೂರು ವರ್ಷ ಕಳೆದ ಮೇಲೆ ನನ್ನ ಆರ್‌ಸಿಸಿ ಮನೆಗಳೂ ಪರಂಪರೆಯೇ ಆಗಬೇಕಲ್ಲ.

ಮಾಸ್ತರು: ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದೂ ಬಿಡಿಸಿಕೊಳ್ಳುತ್ತದೆ. ಮನೆಯ ವಯಸ್ಸು ಅದರ ಮರದಲ್ಲಿಲ್ಲ. ಮೊದಲು ಹುಲ್ಲು ಹೊದೆಸುತ್ತಿದ್ದರು, ಅನುಕೂಲವಿದ್ದವರು ಕುಂಬಾರರು ಕೈಯಲ್ಲಿ ತಟ್ಟಿದ ನಾಡಹಂಚು ಹೊದೆಸಿದರು, ಆಮೇಲೆ ಮಂಗಳೂರು ಹಂಚು ಬಂತು. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚದು, ನಾಡಹಂಚಿನಷ್ಟು ಒತ್ತೊತ್ತಾಗಿ ಹೇರಬೇಕಾಗಿಲ್ಲ, ಗಾಳಿಗೆ ಸರಿಯುವುದೂ ಕಮ್ಮಿ. ಅದಕ್ಕೆಂದು ರೀಪುಗಳ ಅಂತರ ಬದಲಾಯಿತು. ಆದರೆ ಇಳಿಜಾರು ಹೋಗಲಿಲ್ಲ, ಚಾಚಿದ ಸೂರು ಹೋಗಲಿಲ್ಲ, ಜಗುಲಿ ಹೋಗಲಿಲ್ಲ. ಮನೆ ಹೊಸ ವಸ್ತುವನ್ನು ಒಪ್ಪಿಕೊಂಡು ತನ್ನ ನಡೆಯನ್ನು ಉಳಿಸಿಕೊಂಡಿತು. ಜಪಾನಿನ ಇಸೆ ಗುಡಿಯನ್ನು ನೋಡು, ಇಪ್ಪತ್ತು ವರ್ಷಕ್ಕೊಮ್ಮೆ ಬಿಚ್ಚಿ ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ ಅದೇ ಗುಡಿಯನ್ನು ಎಬ್ಬಿಸುತ್ತಾರೆ. ಈಚೆಗೆ ಮಾಡಿದ್ದು 2013ರಲ್ಲಿ. ಮರ ಹೊಸದು, ಗುಡಿ ಮಾತ್ರ ಸಾವಿರ ವರ್ಷಕ್ಕೂ ಹಳೆಯದು. ಕಟ್ಟಡದ ನೈಜತೆಯನ್ನು ಬರೀ ಕಲ್ಲು ಮರಗಳ ಹಳಮೆಯಿಂದ ಅಳೆಯುವುದು ಎಲ್ಲ ದೇಶಕ್ಕೂ ಹೊಂದುವುದಿಲ್ಲ ಎಂದು 1994ರಲ್ಲಿ ಜಪಾನಿನ ನಾರಾದಲ್ಲಿ ಸೇರಿದ ತಜ್ಞರೂ ಒಪ್ಪಿದರು. ಮಡಲು, ಸೋಗೆ, ಹುಲ್ಲು ಇಟ್ಟುಕೊಂಡು ಬದುಕಿದ ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವರ್ಷ ವರ್ಷವೂ ಹೊದಿಕೆ ಬದಲಾಯಿಸುವವನಿಗೆ ಮನೆ ಯಾವುದು, ಹೊದಿಕೆ ಯಾವುದು ಅನ್ನುವುದು ಸ್ಪಷ್ಟ ಇರುತ್ತದೆ. ನಿನ್ನ ಆರ್‌ಸಿಸಿ ಮನೆಯ ಮಾತು ಹೇಳಿದೆ. ನೂರು ವರ್ಷದ ನಂತರ ಅದು ನಿಂತಿದ್ದರೆ, ರಿಪೇರಿ ಮಾಡುವ ಕೈಗಳು ಊರಲ್ಲಿ ಇದ್ದರೆ, ಆಗ ಅದರ ಬಗ್ಗೆಯೂ ಮಾತಾಡೋಣ. ಉಪ್ಪುಗಾಳಿಯಲ್ಲಿ ಅದರ ಕಬ್ಬಿಣದ ಗತಿ ಏನಾಗುತ್ತದೆ ಅನ್ನುವುದು ನನಗಿಂತ ನಿನಗೆ ಗೊತ್ತು.

ಎಂಜಿನಿಯರು: ಗೊತ್ತು. ಸಮುದ್ರದ ಹತ್ತಿರ ಕಾಂಕ್ರೀಟಿನ ಒಳಗೆ ಉಪ್ಪು ಇಳಿದರೆ ಸಲಾಕೆ ತುಕ್ಕು ಹಿಡಿದು ಉಬ್ಬುತ್ತದೆ, ಸ್ಲ್ಯಾಬು ಅಡಿಯಿಂದ ಸಿಪ್ಪೆ ಸಿಪ್ಪೆಯಾಗಿ ಉದುರುತ್ತದೆ. ಕಬ್ಬಿಣದ ಮೇಲೆ ಸಾಕಷ್ಟು ದಪ್ಪ ಬಿಟ್ಟು, ಗಟ್ಟಿ ಕಾಂಕ್ರೀಟು ಹಾಕಿದರೆ ಬಾಳಿಕೆ ಬರುತ್ತದೆ, ಎಲ್ಲರೂ ಹಾಗೆ ಮಾಡುವುದಿಲ್ಲ ಅಷ್ಟೇ. ಆದರೆ ಹಳೇ ಮನೆಗಳು ಮಳೆಗೆ ಹೊಂದಿಕೊಂಡವು ಅನ್ನುವುದನ್ನು ಬಾಯಿಮಾತಿನಲ್ಲಿ ಹೊಗಳುವುದೇ ಹೆಚ್ಚು. ಕಟ್ಟಡದ ಲೆಕ್ಕದಲ್ಲಿ ಅದನ್ನು ತೋರಿಸಲು ಆಗುತ್ತದೆಯೇ?

ಮಾಸ್ತರು: ತೋರಿಸಬಹುದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರುಗಳಿವು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಗೋಡೆ ಯಾವುದರದು? ಚಿರೇಕಲ್ಲಿನದು. 1801ರಲ್ಲಿ ಈ ದಾರಿಯಾಗಿ ಹೋದ ಫ್ರಾನ್ಸಿಸ್ ಬುಕಾನನ್ ಮುಂದೆ ತನ್ನ ಪ್ರವಾಸದ ಪುಸ್ತಕದಲ್ಲಿ ಇದೇ ಜಾತಿಯ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದೊಳಗೆ ಮೆತ್ತಗಿರುತ್ತದೆ, ಕೊಡಲಿಯಂಥ ಹತಾರಿನಿಂದ ಕಡಿಯಬಹುದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಆದರೆ ಅದರ ಮೈತುಂಬ ಸಣ್ಣ ಸಣ್ಣ ತೂತು, ನೀರು ಹೀರುವ ಕಲ್ಲು. ಆದ್ದರಿಂದ ಆ ಗೋಡೆಗೆ ಎರಡು ಬೇಕು. ಒಂದು, ಎರಚಲು ಬೀಳದ ಹಾಗೆ ಉದ್ದಕ್ಕೆ ಚಾಚಿದ ಸೂರು. ಇನ್ನೊಂದು, ಹೀರಿದ ತೇವವನ್ನು ಹೊರಗೆ ಬಿಡುವ ಗಿಲಾವು. ಅಘನಾಶಿನಿಯ ಅಳಿವೆಯಲ್ಲಿ ಬಳಚಿನ ಚಿಪ್ಪು ರಾಶಿ ರಾಶಿ ಸಿಗುತ್ತದೆ, ಅದನ್ನು ಸುಟ್ಟರೆ ಸುಣ್ಣ. ಆ ಸುಣ್ಣದ ಗಾರೆ ಉಸಿರಾಡುತ್ತದೆ. ಇದೇ ಗೋಡೆಗೆ ಸಿಮೆಂಟು ಮೆತ್ತಿ ಎಣ್ಣೆಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಬೊಕ್ಕೆ ಏಳುತ್ತದೆ, ಮನೆಯವರು ಹಳೇ ಗೋಡೆ ಕೆಟ್ಟಿತು ಅನ್ನುತ್ತಾರೆ. ಕೆಟ್ಟದ್ದು ಗೋಡೆಯಲ್ಲ. ಇನ್ನು ಪಡಸಾಲೆಯ ಒಂದು ಕಂಬದ ಬುಡಕ್ಕೆ ಬಗ್ಗಿ ನೋಡು. ಕಂಬ ನೆಲ ಮುಟ್ಟುವುದಿಲ್ಲ. ಮೊಣಕಾಲಿಗಿಂತ ಕೆಳಗೆ ಒಂದು ಕಲ್ಲಿನ ಪೀಠ, ಅದರ ಮೇಲೆ ಕಂಬ. ನೆಲದ ತೇವ ಮರಕ್ಕೆ ಏರುವುದಿಲ್ಲ, ಒರಲೆ ಹತ್ತಿದರೂ ಕಲ್ಲಿನ ಮೇಲೆ ಅದರ ಮಣ್ಣಿನ ಗೆರೆ ಕಾಣುತ್ತದೆ, ಬೆಳಿಗ್ಗೆ ಗುಡಿಸುವವರು ಹಿಡಿಯಲ್ಲೇ ಒರೆಸಿಬಿಡುತ್ತಾರೆ. ಅಡಿಗೆಮನೆಯ ಹೊಗೆ ಅಟ್ಟಕ್ಕೇರಿ ಪಕ್ಕಾಸುಗಳ ಮೇಲೆ ಕರಿ ಕಟ್ಟುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ಗ್ಯಾಸು ಬಂದು ಹೆಂಗಸರ ಕಣ್ಣು, ಎದೆ ಉಳಿಯಿತು, ಅದು ದೊಡ್ಡ ಲಾಭ. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರು ಮಾಡಬೇಕು ಎಂದು ಕೇಳಿದವರು ಕಮ್ಮಿ. ಪ್ರತಿಯೊಂದು ಭಾಗಕ್ಕೂ ಹೀಗೆ ಒಂದು ಕಾರಣವಿದೆ, ಪ್ರತಿ ಕಾರಣಕ್ಕೂ ದಿನವೋ ವರ್ಷವೋ ಒಂದು ಕೈಕೆಲಸ ಜೋಡಿಸಿದೆ. ಆ ಕೈಕೆಲಸ ನಿಂತ ದಿನ ಮನೆ ಬೀಳಲು ಶುರುವಾಗುತ್ತದೆ.

ಎಂಜಿನಿಯರು: ನನ್ನ ಹತ್ತಿರ ಬರುವವರು ಹೇಳುವುದೂ ಅದನ್ನೇ ಮಾಸ್ತರೇ, ಆದರೆ ಬೇಸತ್ತು ಹೇಳುತ್ತಾರೆ. ಮೇ ತಿಂಗಳಲ್ಲಿ ಮಾಡು ಹತ್ತಿ ಒಡೆದ ಹಂಚು ತೆಗೆದು ಹೊಸದು ಹೊಂದಿಸುವವರು ಸಿಗುವುದಿಲ್ಲ. ಸಿಕ್ಕರೂ ಹಂಚು ಸಿಗುವುದಿಲ್ಲ, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಎರಡೂ ಸಿಕ್ಕಿತು ಅನ್ನಿ, ಮಂಗನ ಹಿಂಡು ಒಂದು ಬೆಳಿಗ್ಗೆ ಹಾರಿ ಹೋದರೆ ಮುಗಿಯಿತು. ಮನೆಯಲ್ಲಿ ಇರುವವರು ಎಪ್ಪತ್ತು ದಾಟಿದ ಗಂಡಹೆಂಡತಿ, ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ. ಭಟ್ಕಳದ ನವಾಯತರ ಕೇರಿಗಳಲ್ಲಿ ಕೊಲ್ಲಿ ದೇಶದ ದುಡಿಮೆಯಿಂದ ಎದ್ದ ಹೊಸ ಮನೆಗಳನ್ನು ನೋಡಿ, ಬಚ್ಚಲು ಒಳಗೇ ಇದೆ, ಕೋಣೆಗೊಂದು ಕಿಟಕಿ ಇದೆ, ಬೆಳಕಿದೆ. ಅವರ ಸುಖ ತಪ್ಪಿಸಿ ನಾವು ಚಂದ ನೋಡುವುದು ನ್ಯಾಯವೇ?

ಮಾಸ್ತರು: ಖಂಡಿತ ಅಲ್ಲ. ಬೆಳಕು, ಒಳಗಿನ ಬಚ್ಚಲು, ಜಾರದ ನೆಲ, ಇವನ್ನು ಕೇಳುವುದು ಮನೆಯಲ್ಲಿರುವವರ ಹಕ್ಕು. ಹಳೇ ಮನೆಗೆ ಇವನ್ನು ಕೂಡಿಸಲು ಬರುವುದಿಲ್ಲ ಅನ್ನುವುದು ಮಾತ್ರ ಸುಳ್ಳು. ಹಂಚಿನ ನಡುವೆ ಗಾಜಿನ ಹಂಚು ಕೂರಿಸಿ ಬೆಳಕು ತರುವುದು ನಮ್ಮವರು ಎಂದೋ ಕಂಡುಕೊಂಡದ್ದು. ಹಿಂದಿನ ಹೊಳ್ಳಿಯಲ್ಲಿ ಬಚ್ಚಲು ಮಾಡಿದರೆ ಮನೆಯ ಮೂಲ ಗೋಡೆ ಮುಟ್ಟಬೇಕಾಗಿಲ್ಲ. ಮಂಗನ ಮಾತು ನಿಜ, ಅದನ್ನು ಹಗುರಾಗಿ ತಳ್ಳಿಹಾಕಲಾರೆ, ಕಾಡಂಚಿನ ಊರುಗಳಲ್ಲಿ ಹಂಚು ಬಿಟ್ಟು ತಗಡಿಗೆ ಹೋದವರಲ್ಲಿ ಬಹಳ ಜನ ಅದೇ ಕಾರಣಕ್ಕೆ ಹೋದರು. ಹಂಚಿನ ಕೆಳಗೆ ತೆಳು ತಗಡು ಹಾಕುವುದನ್ನೋ, ಅಡಿಗೆಮನೆಯ ಮೇಲಷ್ಟೇ ತಗಡು ಹೊದೆಸುವುದನ್ನೋ ನಾನು ತಪ್ಪು ಅನ್ನುವುದಿಲ್ಲ. ಹುಲ್ಲು ಬಿಟ್ಟು ಹಂಚಿಗೆ ಬಂದ ಮನೆ ಇದನ್ನೂ ತಾಳಿಕೊಳ್ಳುತ್ತದೆ. ಆದರೆ ಒಂದು ಸಂಗತಿಯನ್ನು ನೀನು ದಿನಾ ನೋಡುತ್ತೀಯ. ಹಳೇ ಮನೆ ಕೆಡವಿ ಚಪ್ಪಟೆ ಸ್ಲ್ಯಾಬಿನ ಮನೆ ಕಟ್ಟಿದವರು ಕೆಲವು ಮಳೆಗಾಲ ಕಳೆದ ಮೇಲೆ ಏನು ಮಾಡುತ್ತಾರೆ? ಸ್ಲ್ಯಾಬು ಸೋರುತ್ತದೆ. ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾಗಿ ತಗಡು ಹೊದೆಸುತ್ತಾರೆ. ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯ ಎರಡೂ ಬದಿ ನೋಡುತ್ತ ಹೋದರೆ ಇಂಥ ಎರಡು ಮಾಡಿನ ಮನೆಗಳೇ ಕಣ್ಣಿಗೆ ಬೀಳುತ್ತವೆ. ನಾವು ಬೇಡವೆಂದು ಕೆಳಗಿಳಿಸಿದ ಇಳಿಜಾರನ್ನು ಮಳೆ ಮತ್ತೆ ಮೇಲೇರಿಸಿಕೊಂಡಿದೆ. ದುಡ್ಡು ಎರಡು ಸಲ ಹೋಯಿತು, ಮರದ ಕೆಲಸ ಗೊತ್ತಿದ್ದ ಆಚಾರಿಗೆ ಕೆಲಸ ಒಂದು ಸಲವೂ ಸಿಗಲಿಲ್ಲ.

ಎಂಜಿನಿಯರು: ಆ ತಗಡಿನ ಮಾಡುಗಳ ನಕ್ಷೆ ಬರೆಯುವವರಲ್ಲಿ ನಾನೂ ಒಬ್ಬ, ಒಪ್ಪಿದೆ. ಆದರೆ ಇದಕ್ಕಿಂತ ಕಠಿಣವಾದ ಮಾತೊಂದಿದೆ, ಅದನ್ನು ಹೇಳದೆ ಬಿಟ್ಟರೆ ಈ ಚರ್ಚೆ ಪ್ರಾಮಾಣಿಕ ಆಗುವುದಿಲ್ಲ. ದೊಡ್ಡ ಮನೆಗಳು ದೊಡ್ಡವಾದದ್ದು ಯಾರ ಬೆವರಿನಿಂದ? ಗೇಣಿ ಭತ್ತ ಬಂದು ಬಿದ್ದದ್ದು ಆ ಅಂಗಳದಲ್ಲಿ. ಗೇಣಿ ತಂದವನು ಅಂಗಳದಲ್ಲೇ ನಿಂತ, ಜಗುಲಿ ಹತ್ತಲಿಲ್ಲ. ಕೆಲವರಿಗೆ ಅಂಗಳಕ್ಕೂ ಬರುವ ಹಕ್ಕಿರಲಿಲ್ಲ. ಹೆಂಗಸರು ಹಿಂದಿನ ಬಾಗಿಲಲ್ಲೇ ಬದುಕು ಕಳೆದರು. ದಿನಕರ ದೇಸಾಯರು 1940ರ ಸುಮಾರಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಗೇಣಿದಾರರನ್ನು ಕಟ್ಟಿ ಹೋರಾಡಿದ್ದು, ಅದಕ್ಕಾಗಿ ಜಿಲ್ಲೆಯಿಂದ ಗಡಿಪಾರಾದದ್ದು ಇಂಥ ಮನೆಗಳ ಯಜಮಾನಿಕೆಯ ವಿರುದ್ಧವೇ. 1974ರ ಭೂಸುಧಾರಣೆ ತಿದ್ದುಪಡಿ ಬಂದು ಗೇಣಿ ನಿಂತಿತು, ಕಣಜ ಬರಿದಾಯಿತು, ಮನೆ ರಿಪೇರಿಗೆ ಬಿಟ್ಟಿ ಕೈಗಳು ಸಿಗದಾದವು. ಹಾಗಾದರೆ ಆ ಮನೆ ಬೀಳುತ್ತಿರುವುದು ನ್ಯಾಯದಿಂದಲೇ ಅಲ್ಲವೇ? ನ್ಯಾಯ ಬೀಳಿಸಿದ್ದನ್ನು ಸರ್ಕಾರದ ದುಡ್ಡಿನಲ್ಲಿ ಎತ್ತಿ ನಿಲ್ಲಿಸಬೇಕೇ?

ಮಾಸ್ತರು: ನೀನು ಹೇಳಿದ ಒಂದು ಮಾತನ್ನೂ ನಾನು ಅಲ್ಲಗಳೆಯುವುದಿಲ್ಲ. ಆ ಮನೆಯ ಹೆಮ್ಮೆಗೆ ಹೊಗಳುಭಟರಾಗುವ ಕೆಲಸ ನಮ್ಮದಲ್ಲ. ಆದರೆ ಯಾರು ಎಲ್ಲಿಯವರೆಗೆ ಬರಬಹುದಾಗಿತ್ತು ಅನ್ನುವುದನ್ನು ಯಾವ ದಫ್ತರವೂ ಬರೆದಿಟ್ಟಿಲ್ಲ. ಬರೆದಿಟ್ಟಿರುವುದು ಮನೆಯೊಂದೇ. ಅಂಗಳದಿಂದ ಜಗುಲಿಗೆ ಎಷ್ಟು ಮೆಟ್ಟಿಲು, ಜಗುಲಿಯ ಹೊರಮೈಯಲ್ಲಿ ಕೂರುವವರಿಗೆ ಎಷ್ಟು ಎತ್ತರ, ಒಳಗಿನವರಿಗೆ ಎಷ್ಟು ಎತ್ತರ, ನಡುಮನೆಯ ಬಾಗಿಲು ಯಾಕೆ ಇಷ್ಟು ಗಿಡ್ಡ, ಬಾಣಂತಿಯ ಕೋಣೆಗೆ ಕಿಟಕಿ ಯಾಕಿಲ್ಲ, ಇವೆಲ್ಲ ಅಳತೆಪಟ್ಟಿಯಲ್ಲಿ ಓದಬಹುದಾದ ಸಾಮಾಜಿಕ ಚರಿತ್ರೆ. ಕೆಡವಿದರೆ ಆ ಅನ್ಯಾಯದ ಸಾಕ್ಷಿಯೂ ಹೋಗುತ್ತದೆ, ಮುಂದಿನವರು ಹಾಗೆಲ್ಲ ಇರಲೇ ಇಲ್ಲ ಅಂದುಬಿಡಬಹುದು. ಎರಡನೆಯದಾಗಿ, ದೊಡ್ಡ ಮನೆ ಮಾತ್ರ ಪರಂಪರೆ ಅಂತ ನಾನು ಒಪ್ಪುವುದಿಲ್ಲ. ಹಾಲಕ್ಕಿ ಒಕ್ಕಲಿಗರ ಕೊಪ್ಪದ ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಮನೆ, ಮೀನುಗಾರರ ಕೇರಿಯ ಮಡಲಿನ ಮನೆ, ಇವು ದೊಡ್ಡ ಮನೆಗಿಂತ ಬೇಗ ಕಾಣೆಯಾದವು, ಕೇಳಿದವರೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಅವು ಕಚ್ಚಾ ಮನೆ. ಆ ಒಂದು ಪದ ಒಂದು ಇಡೀ ವಿದ್ಯೆಯನ್ನು ಅವಮಾನದ ಪಟ್ಟಿಗೆ ಸೇರಿಸಿತು. ಬಡವರಿಗೆ ಗಟ್ಟಿ ಮನೆ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಗಟ್ಟಿ ಮನೆಯ ನಕ್ಷೆ ಬರೆಯುವಾಗ ಹುಲ್ಲಿನ ಮಾಡಿನ ಇಳಿಜಾರನ್ನೂ ಮಣ್ಣುಗೋಡೆಯ ತಂಪನ್ನೂ ಯಾರಾದರೂ ಕಲಿತಿದ್ದರೆ ಎಷ್ಟು ಚೆನ್ನಾಗಿತ್ತು. ಚರಿತ್ರೆಯ ಮಾತೂ ಅಷ್ಟೇ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಅಂದರು ಎಂದು ನಾವು ಹೇಳಿಕೊಳ್ಳುತ್ತೇವೆ, ಆ ಮೆಣಸು ಒಣಗಿದ್ದು ಯಾರದೋ ಮನೆಯಂಗಳದಲ್ಲಿ, ಚೀಲ ಸೇರಿದ್ದು ಯಾರದೋ ಅಟ್ಟದಲ್ಲಿ. ಕುಮಟೆಯಲ್ಲಿ ಹತ್ತಿ ಬೆಳೆಯಲೇ ಇಲ್ಲ, ಆದರೂ ಧಾರವಾಡ ಸೀಮೆಯ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಯಿತು, ಘಟ್ಟ ಇಳಿದು ಈ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು ಎಂಬ ಕಾರಣಕ್ಕೆ. ಕೋಟೆ ಬಸದಿಗಳಲ್ಲಿ ರಾಜರ ಚರಿತ್ರೆ ಸಿಗುತ್ತದೆ, ಆ ವ್ಯಾಪಾರದ ಚರಿತ್ರೆಗೆ ಮನೆ ಮಳಿಗೆಗಳನ್ನೇ ನೋಡಬೇಕು.

ಎಂಜಿನಿಯರು: ಸರಿ, ಉಳಿಸಬೇಕು ಅಂತಲೇ ಇಟ್ಟುಕೊಳ್ಳೋಣ. ಹೇಗೆ? ನೂರು ವರ್ಷ ದಾಟಿದ್ದನ್ನು ಸ್ಮಾರಕ ಎಂದು ಘೋಷಿಸಲು 1958ರ ಕೇಂದ್ರ ಕಾಯ್ದೆ ಇದೆ, 1961ರ ರಾಜ್ಯ ಕಾಯ್ದೆ ಇದೆ. ಹತ್ತು ಮನೆ ಆರಿಸಿ ಘೋಷಿಸಿಬಿಟ್ಟರೆ ಆಯಿತಲ್ಲ. ಇಲ್ಲವಾದರೆ ಮಣಿಪಾಲದ ದಾರಿ. ವಿಜಯನಾಥ ಶೆಣೈಯವರು ಬೀಳಲಿದ್ದ ಮನೆಗಳನ್ನು ಬಿಚ್ಚಿ ಸಾಗಿಸಿ ಅಲ್ಲಿನ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮತ್ತೆ ಕಟ್ಟಿದರು. ಭಟ್ಕಳದ ನವಾಯತ ಮನೆಯೂ ಅಲ್ಲಿದೆ. ಉಳಿಯಿತು, ಜನ ನೋಡುತ್ತಿದ್ದಾರೆ.

ಮಾಸ್ತರು: ಶೆಣೈಯವರ ಬಗ್ಗೆ ನನಗೆ ಬಹಳ ಗೌರವ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಮನುಷ್ಯ, ಗುಜರಿಗೆ ಹೋಗಲಿದ್ದ ಕಂಬ ಬಾಗಿಲುಗಳನ್ನು ಕೂಡಿಹಾಕಲು ಶುರುಮಾಡಿ ಕೊನೆಗೆ ಇಡೀ ಮನೆಗಳನ್ನೇ ಎತ್ತಿ ತಂದರು. ತರದಿದ್ದರೆ ಅವು ಈಗ ಇರುತ್ತಿರಲಿಲ್ಲ. ಆದರೆ ಅದು ಕೊನೆಯ ಆಸರೆ. ನವಾಯತ ಮನೆಯ ಅರ್ಥದಲ್ಲಿ ಅರ್ಧ ಪಾಲು ಅದರ ಓಣಿಯಲ್ಲಿದೆ, ಪಕ್ಕದ ಮನೆಯ ಗೋಡೆಯಲ್ಲಿದೆ, ಹತ್ತಿರದ ಪಳ್ಳಿಯ ಬಾಂಗಿನಲ್ಲಿದೆ, ಅಡಿಗೆಮನೆಯಲ್ಲಿ ಕೇಳುವ ನವಾಯತಿ ಮಾತಿನಲ್ಲಿದೆ. ಅದನ್ನು ಲಾರಿಯಲ್ಲಿ ತರಲು ಬರುವುದಿಲ್ಲ. ಇನ್ನೊಂದನ್ನೂ ಗಮನಿಸು, ಮಣಿಪಾಲದಲ್ಲಿ ಆ ಮನೆಗಳು ನಿಂತಿರುವುದು ಒಂದು ಸಂಸ್ಥೆ ಅವುಗಳ ಮಾಡನ್ನು ನೋಡಿಕೊಳ್ಳುತ್ತಿರುವುದರಿಂದ. ಅದೇ ಆರೈಕೆ ಭಟ್ಕಳದಲ್ಲೇ ಸಿಕ್ಕಿದ್ದರೆ ಸಾಗಿಸುವ ಮಾತೇ ಇರಲಿಲ್ಲ. ಘೋಷಣೆಯ ಕಥೆಯೂ ಹೇಳುತ್ತೇನೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷೇಧ, ಅಲ್ಲಿಂದಾಚೆ ಇನ್ನೂ 200 ಮೀಟರು ನಿಯಂತ್ರಿತ, ರಿಪೇರಿಗೂ ಅನುಮತಿ ಬೇಕು. ಹೀಗಾಗಿ ಮೂಡಭಟ್ಕಳದ ಹಳೇ ಮನೆಯ ಮಟ್ಟಿಗೆ ಪರಂಪರೆಯ ಕಾನೂನು ಅಂದರೆ ಗುಡಿಯ ಪಕ್ಕದಲ್ಲಿ ಇರುವುದಕ್ಕೆ ಬಂದ ಕಟ್ಟುಪಾಡು. ತಡೆ ಸಿಕ್ಕಿತು, ಸಹಾಯ ಸಿಗಲಿಲ್ಲ. ವಾಸದ ಮನೆಯನ್ನು ಸ್ಮಾರಕ ಮಾಡಿದರೆ ಒಂದು ರೀಪು ಬದಲಿಸಲೂ ಅರ್ಜಿ ಬರೆಯಬೇಕಾಗುತ್ತದೆ, ಆ ಭಯಕ್ಕೇ ಮನೆಯವರು ಘೋಷಣೆಗೆ ಮೊದಲೇ ಕೆಡವುತ್ತಾರೆ. ಇಂಟ್ಯಾಕ್ ಸಂಸ್ಥೆ 2004ರಲ್ಲಿ ಒಪ್ಪಿದ ಸಂರಕ್ಷಣಾ ಸನ್ನದು ಇಂಥ ರಕ್ಷಣೆಯಿಲ್ಲದ ಕಟ್ಟಡಗಳಿಗೆಂದೇ ಬರೆದದ್ದು. ಕಟ್ಟುವ ಪಾರಂಪರಿಕ ವಿದ್ಯೆಯನ್ನೂ ಅದನ್ನು ಬಲ್ಲ ಕುಶಲಕರ್ಮಿಗಳನ್ನೂ ಉಳಿಸಬೇಕಾದ ಪರಂಪರೆ ಎಂದೇ ಅದು ಎಣಿಸುತ್ತದೆ. ನಾನು ಹೇಳುವುದೂ ಅದೇ, ಮನೆಗೆ ಬೇಕಾದ ರಕ್ಷಣೆ ಅಂದರೆ ರಿಪೇರಿಯ ರಕ್ಷಣೆ.

ಎಂಜಿನಿಯರು: ರಿಪೇರಿಗೆ ಅಡ್ಡ ಬರುವುದು ದುಡ್ಡೊಂದೇ ಅಲ್ಲ ಮಾಸ್ತರೇ. ಒಂದು ಮನೆಗೆ ಐದು ಜನ ಪಾಲುದಾರರು, ಅದೇ ದೊಡ್ಡ ಕಗ್ಗಂಟು.

ಮಾಸ್ತರು: ಕಾಯುತ್ತಿದ್ದೆ ಆ ಮಾತಿಗೆ. 1862ರಲ್ಲಿ ಈ ಜಿಲ್ಲೆ ಮದ್ರಾಸ್ ಪ್ರಾಂತ ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ನಮ್ಮ ದಫ್ತರದಲ್ಲೂ ಬಾಯಲ್ಲೂ ನೆಲೆನಿಂತ ಪದ ಹಿಸ್ಸೆ. ತೋಟಕ್ಕೆ ಹಿಸ್ಸೆ ಆಗುತ್ತದೆ, ಗದ್ದೆಗೆ ಆಗುತ್ತದೆ, ಮನೆಯ ಕೋಣೆಗಳಿಗೂ ಆಗುತ್ತದೆ. ದೊಡ್ಡವನಿಗೆ ಜಗುಲಿ ಮತ್ತು ಎರಡು ಕೋಣೆ, ಕಿರಿಯವನಿಗೆ ಅಡಿಗೆಮನೆ ಕಡೆಯದು, ನಡುವೆ ಸಿಮೆಂಟ್ ಇಟ್ಟಿಗೆಯ ಗೋಡೆ. ಮಾಡಿಗೆ ಮಾತ್ರ ಹಿಸ್ಸೆಯಿಲ್ಲ. ಪಕ್ಕಾಸು ಈ ಕೋಣೆಯಿಂದ ಆ ಕೋಣೆಗೆ ಓಡುತ್ತದೆ, ಒಬ್ಬನ ಪಾಲಿನ ಮೇಲೆ ಬಿದ್ದ ಮಳೆ ಇನ್ನೊಬ್ಬನ ಪಾಲಿನ ಸೂರಿನಿಂದ ಇಳಿಯುತ್ತದೆ. ಸೋರಿದರೆ ರಿಪೇರಿ ಯಾರದು? ಎಲ್ಲರದ್ದೂ, ಹಾಗಾಗಿ ಯಾರದ್ದೂ ಅಲ್ಲ. ಒಂದು ಹಂಚು ಸರಿಯುತ್ತದೆ, ನೀರು ರೀಪಿಗೆ ಇಳಿಯುತ್ತದೆ, ರೀಪಿನಿಂದ ಪಕ್ಕಾಸಿಗೆ, ಪಕ್ಕಾಸು ಗೋಡೆಯ ಮೇಲೆ ಕೂರುವ ತುದಿಯಲ್ಲಿ ಕೊಳೆಯುತ್ತದೆ. ಆ ತುದಿ ಕುಸಿದ ಮೇಲೆ ಗೋಡೆಯ ನೆತ್ತಿ ಬಯಲಾಗುತ್ತದೆ, ಚಿರೇಕಲ್ಲು ನೀರು ಕುಡಿಯುತ್ತದೆ. ಒಂದು ಹಂಚಿನಿಂದ ಶುರುವಾದದ್ದು ಐದಾರು ಮಳೆಗಾಲದಲ್ಲಿ ಮನೆ ಮುಗಿಸುತ್ತದೆ. ಹಾಗಾಗಿ ನನ್ನ ಸಲಹೆ ಕಾಗದದ ಮೇಲೆ ಬಹಳ ಸಣ್ಣದು. ಹಿಸ್ಸೆಪತ್ರ ಬರೆಯುವಾಗ ಮಾಡು, ಗೋಡೆಯ ನೆತ್ತಿ, ನೀರು ಹರಿದುಹೋಗುವ ದಾರಿ ಇವು ಮೂರು ಅವಿಭಕ್ತ ಎಂದು ಬರೆಯಲಿ. ತೋಟದ ಇಂತಿಷ್ಟು ಮರದ ಅಡಿಕೆ ಆ ಮಾಡಿನ ಪಾಲಿಗೆ ಎಂದು ತೆಗೆದಿಡಲಿ. ದೇವರ ದೀಪಕ್ಕೆ, ವರ್ಷದ ಕಾರ್ಯಕ್ಕೆ ಹಾಗೆ ತೆಗೆದಿಡುವ ರೂಢಿ ನಮ್ಮ ಮನೆತನಗಳಲ್ಲಿ ಹೊಸದೇನಲ್ಲ.

ಎಂಜಿನಿಯರು: ಅದು ಮನೆಯವರು ಮಾಡಬೇಕಾದ್ದು. ಸರ್ಕಾರ? ಖಾಸಗಿ ಮನೆಗೆ ಸಾರ್ವಜನಿಕ ಹಣ ಎಂದ ಕೂಡಲೆ ಕೂಗು ಏಳುತ್ತದೆ.

ಮಾಸ್ತರು: ಹೊಸ ಮನೆ ಕಟ್ಟಲು ಸಾರ್ವಜನಿಕ ಹಣ ಹೋಗುತ್ತಲೇ ಇದೆ, ಅದಕ್ಕೆ ಕೂಗು ಎದ್ದಿಲ್ಲ, ಏಳಲೂ ಬಾರದು. ಇರುವ ಮನೆ ಬೀಳದಂತೆ ಮಾಡಲು ಅದರ ಒಂದು ಸಣ್ಣ ಪಾಲು ಕೇಳುವುದು ಅನ್ಯಾಯವಲ್ಲ. ನಗದು ಕೊಡುವುದು ಬೇಡ, ಕೆಲಸ ಕೊಡಲಿ. ಪಂಚಾಯತಿಯ ಮಟ್ಟದಲ್ಲಿ ಮಾಡು ಹತ್ತಬಲ್ಲ ನಾಲ್ಕು ಜನರ ತಂಡ, ಅವರ ಜೊತೆ ಕಲಿಯಲು ಇಬ್ಬರು ಹುಡುಗರು. ಕೆಡವಿದ ಮನೆಗಳ ಒಳ್ಳೆಯ ಹಂಚು, ಪಕ್ಕಾಸುಗಳನ್ನು ಗುಜರಿಗೆ ಬಿಡದೆ ಕೂಡಿಡುವ ಒಂದು ಉಗ್ರಾಣ. ಹಳೇ ಮನೆಯ ರಿಪೇರಿಗೆ ಬೇಕಾದ ಒಂದೆರಡು ಮರಕ್ಕೆ ಅರಣ್ಯ ಇಲಾಖೆಯಿಂದ ತಡವಿಲ್ಲದ ಪರವಾನಗಿ, ಮನೆಯವನು ತನ್ನ ಹಿತ್ತಲಿನ ಹಲಸು ಕಡಿಯಲೂ ಹೆದರುವ ಹಾಗಿದ್ದರೆ ತಗಡಿಗೇ ಹೋಗುತ್ತಾನೆ. ಇದಕ್ಕೆ ಬದಲಾಗಿ ಮನೆಯವರಿಂದ ಕೇಳುವುದು ಒಂದೇ, ಅಳತೆ ತೆಗೆಯಲು ಬಿಡಬೇಕು. ಪ್ರವಾಸಿಗಳಿಗೆ ಬಾಗಿಲು ತೆರೆಯುವುದು ಅವರಿಷ್ಟ. ಹೋಂಸ್ಟೇ ಮಾಡಿ ಉಳಿಸಬಹುದು ಅನ್ನುತ್ತಾರೆ, ಕೆಲವೆಡೆ ಆಗಿದೆ, ಆದರೆ ಎಲ್ಲ ಮನೆಗಳೂ ಅತಿಥಿಗಳಿಗಾಗಿ ಬದುಕಲಾರವು. ಉಳಿಯುವುದು ಸಾಧ್ಯವೇ ಇಲ್ಲದ ಮನೆಗಳೂ ಇವೆ, ಅವನ್ನು ಕೆಡವುವ ಮೊದಲಾದರೂ ಅಳತೆ ನಕ್ಷೆ ಬರೆದಿಟ್ಟುಕೊಳ್ಳಬೇಕು. ಅದು ನಿನ್ನ ಕೈಲಿರುವ ಕೆಲಸ. ಹೊಸ ಮನೆಯ ನಕ್ಷೆಗೆ ಬಂದವರ ಹಳೇ ಮನೆಯನ್ನು ನೀನು ಹೇಗೂ ನೋಡಲು ಹೋಗುತ್ತೀಯ.

ಎಂಜಿನಿಯರು: ಗೋಡೆ, ಬಾಗಿಲು, ಕೋಣೆಗಳ ಅಳತೆ ಅರ್ಧ ದಿನದಲ್ಲಿ ಆಗುತ್ತದೆ. ಇನ್ನೇನು ಬರೆದುಕೊಳ್ಳಬೇಕು ಹೇಳಿ.

ಮಾಸ್ತರು: ಮಾಡಿನ ಇಳಿಜಾರು. ಸೂರು ಗೋಡೆಯಿಂದ ಎಷ್ಟು ಚಾಚಿದೆ. ಜಗುಲಿಯ ಒಂದೊಂದು ಮೆಟ್ಟಿಲಿನ ಎತ್ತರ. ಪಕ್ಕಾಸುಗಳ ನಡುವಿನ ಅಂತರ, ಎಲ್ಲಿ ಮೊಳೆ ಹೊಡೆದಿದ್ದಾರೆ, ಎಲ್ಲಿ ಮರಕ್ಕೆ ಮರ ಕಚ್ಚಿಸಿದ್ದಾರೆ. ಯಾವ ಕಂಬ ಯಾವ ಮರದ್ದು, ಮತ್ತಿಯೋ ಹೊನ್ನೆಯೋ ಹಲಸೋ. ಅದು ನಿನಗೆ ತಿಳಿಯದಿದ್ದರೆ ಊರಿನ ಹಿರಿಯ ಆಚಾರಿಯನ್ನು ಕರೆದುಕೊಂಡು ಹೋಗು, ಕಂಬದ ಮೈ ಕೈಯಲ್ಲಿ ಸವರಿದರೆ ಹೇಳುತ್ತಾರೆ. ಅಟ್ಟಕ್ಕೆ ಹತ್ತುವಾಗ ಅವರನ್ನೇ ಮುಂದೆ ಬಿಡು. ಮೇ ತಿಂಗಳು ಮುಗಿಯುವುದರೊಳಗೆ ಹೋಗಬೇಕು, ಮಳೆ ಹಿಡಿದ ಮೇಲೆ ಹಂಚಿನ ಮೇಲೆ ಹಾವಸೆ ಬರುತ್ತದೆ, ಆ ವಯಸ್ಸಿನವರನ್ನು ಮಾಡು ಹತ್ತಿಸುವುದು ಸರಿಯಲ್ಲ.